ಒಂದೇ ದಿನಸಿ ಚೀಟಿಯ ಎರಡು ಹಬ್ಬ

ಡಿಸೆಂಬರ್ ಎರಡನೇ ವಾರ ಕಡೂರಿನ ದಿನಸಿ ಅಂಗಡಿಗೆ ಬರುವ ಚೀಟಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೊಬ್ಬರಿ, ಬಿಳಿ ಎಳ್ಳು, ಸಕ್ಕರೆ, ಏಲಕ್ಕಿ, ಗೋಡಂಬಿ, ಚಿರೋಟಿ ರವೆ, ಮೈದಾ, ಕಡಲೆಕಾಯಿ ಎಣ್ಣೆ. ಕ್ರಿಸ್‌ಮಸ್‌ಗೆ ಮನೆಯಲ್ಲೇ ತಿಂಡಿ ಕರಿಯುವವರ ಚೀಟಿ ಇದು. ಜನವರಿ ಮೊದಲ ವಾರ ಅದೇ ಅಂಗಡಿಗೆ ಇನ್ನೊಂದು ಚೀಟಿ ಬರುತ್ತದೆ: ಕೊಬ್ಬರಿ, ಎಳ್ಳು, ಬೆಲ್ಲ, ಕಡಲೆಬೀಜ, ಹುರಿಗಡಲೆ, ಸಕ್ಕರೆ ಅಚ್ಚು. ಅದು ಸಂಕ್ರಾಂತಿಯದು. ಎರಡು ಚೀಟಿಗಳ ನಡುವೆ ಮೂರು ವಾರದ ಅಂತರವಿದೆ, ಹಬ್ಬ ಬೇರೆ, ದೇವರು ಬೇರೆ. ಅಂಗಡಿಯವನು ತೆರೆಯುವ ಡಬ್ಬಗಳು ಮಾತ್ರ ಬಹುಮಟ್ಟಿಗೆ ಅವೇ. ಕ್ರಿಸ್‌ಮಸ್ ಎಂದ ಕೂಡಲೇ ಕೇಕು ನೆನಪಿಗೆ ಬರುವುದು ನಮಗೆಲ್ಲ ರೂಢಿಯಾಗಿದೆ. ಪತ್ರಿಕೆಯ ಚಿತ್ರ, ಟೀವಿಯ ಜಾಹೀರಾತು, ಬೇಕರಿಯ ಗಾಜಿನ ಕಪಾಟು ಎಲ್ಲವೂ ಅದನ್ನೇ ಹೇಳುತ್ತವೆ. ಕಡೂರು, ತರೀಕೆರೆ, ಅಜ್ಜಂಪುರದಂಥ ಬಯಲುಸೀಮೆಯ ಅಂಚಿನ ಊರುಗಳಲ್ಲಿ ಈ ಹಬ್ಬದ ನಿಜವಾದ ತಿಂಡಿ ಕೇಕಲ್ಲ, ಬಾಣಲೆಯಲ್ಲಿ ಕರಿದದ್ದು ಎಂಬುದು ನನ್ನ ವಾದ. ಅದು ಹೊರಗಿನಿಂದ ಬಂದ ಹಬ್ಬದ ಊಟವಾಗಿ ಉಳಿಯಲಿಲ್ಲ. ಇಲ್ಲಿನ ಸುಗ್ಗಿಯ ಊಟವಾಯಿತು.

ಮೊದಲು ಊರುಗಳ ವಿಚಾರ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲೆಯ ಮಲೆನಾಡಿನ ಭಾಗ ಕಾಫಿ, ಮೆಣಸಿನದು. ಪೂರ್ವದ ಭಾಗ ರಾಗಿ, ತೆಂಗು, ಈರುಳ್ಳಿಯದು. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲು ಹಳಿ ಕಡೂರು, ಬೀರೂರು, ಅಜ್ಜಂಪುರವನ್ನು ಮುಟ್ಟಿ ಸಾಗುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ಕವಲೊಡೆದ ಹಳಿ ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗಕ್ಕೆ ಹೋಗುತ್ತದೆ. ಇಂಥ ಸೀಮೆಗೆ ಕ್ರೈಸ್ತ ಕುಟುಂಬಗಳು ಒಂದೇ ದಿಕ್ಕಿನಿಂದ ಬಂದವಲ್ಲ. ರೈಲಿನ ಕೆಲಸ ಕೆಲವರನ್ನು ತಂದಿತು, ಮಲೆನಾಡಿನ ತೋಟ ಕೆಲವರನ್ನು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ, ಶಾಲೆ, ಆಸ್ಪತ್ರೆ ಮತ್ತೆ ಕೆಲವರನ್ನು. ಮನೆಮಾತು ಕೊಂಕಣಿಯಾದವರು, ತಮಿಳಾದವರು, ಕನ್ನಡವೇ ಆದವರು ಒಂದೇ ಇಗರ್ಜಿಯ ಬೆಂಚಿನ ಮೇಲೆ ಕೂರುವ ಊರುಗಳಿವು. ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯವಾದದ್ದು 1963ರಲ್ಲಿ. ಅಂದರೆ ಇಲ್ಲಿನ ಕ್ರಿಸ್‌ಮಸ್ ತಟ್ಟೆಯನ್ನು ಯಾವುದೋ ಒಂದು ಅಜ್ಜಿಯ ಮನೆಯ ಪದ್ಧತಿ ರೂಪಿಸಲಿಲ್ಲ. ಹಲವು ಅಡುಗೆಮನೆಗಳು ಸೇರಿ, ಕೈಗೆ ಸಿಗುವ ಸಾಮಾನಿನಲ್ಲಿ ಹೊಂದಿಸಿಕೊಂಡ ತಟ್ಟೆ ಅದು.

ಕೈಗೆ ಸಿಗುವ ಸಾಮಾನು ಎಂದಾಗ ಇಲ್ಲಿ ಮೊದಲು ನಿಲ್ಲುವುದು ಕೊಬ್ಬರಿ. ತಿಪಟೂರು, ಅರಸೀಕೆರೆ, ಕಡೂರು ಎಲ್ಲ ಒಂದೇ ಸಾಲಿನ ತೆಂಗಿನ ಸೀಮೆ. ಕರಾವಳಿಯವರು ಕಾಯನ್ನು ಒಡೆದು ಹಸಿಯಾಗಿ ತುರಿಯುತ್ತಾರೆ, ಹಾಲು ಹಿಂಡುತ್ತಾರೆ. ಇಲ್ಲಿ ಬಲಿತ ಕಾಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುವುದು ಪದ್ಧತಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುತ್ತದೆ. ಹಸಿ ತೆಂಗಿನ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ ಆರೇಳು ಪಾಲು. ಈ ಒಂದು ವ್ಯತ್ಯಾಸದಲ್ಲಿ ಹಬ್ಬದ ತಿಂಡಿಯ ಅರ್ಧ ಗುಟ್ಟಿದೆ. ಕ್ರಿಸ್‌ಮಸ್ ತಿಂಡಿಯನ್ನು ಹಬ್ಬದ ದಿನ ಮಾಡುವುದಿಲ್ಲ. ವಾರ, ಹತ್ತು ದಿನ ಮೊದಲೇ ಕರಿದು ಡಬ್ಬ ತುಂಬಬೇಕು. 25ರಿಂದ ಹೊಸ ವರ್ಷದವರೆಗೆ, ಕೆಲವು ಮನೆಗಳಲ್ಲಿ ಜನವರಿ 6ರ ಮೂವರು ರಾಯರ ಹಬ್ಬದವರೆಗೂ ಬಂದವರಿಗೆ ಕೊಡಬೇಕು, ಅಕ್ಕಪಕ್ಕದ ಮನೆಗೆ ಕಳಿಸಬೇಕು. ಹಸಿಕಾಯಿ ಹೂರಣ ಎರಡನೇ ದಿನಕ್ಕೆ ಹುಳಿಯುತ್ತದೆ. ಕೊಬ್ಬರಿ, ಎಳ್ಳು, ಸಕ್ಕರೆ ಪುಡಿ ಸೇರಿದ ಒಣ ಹೂರಣ ಮೂರು ವಾರವಾದರೂ ಜಗ್ಗುವುದಿಲ್ಲ.

ಹೀಗೆ ತಯಾರಾಗುವ ತಿಂಡಿಗಳಲ್ಲಿ ಮೊದಲನೆಯದು ನೆವ್ರಿ. ಕೊಂಕಣಿಯಲ್ಲಿ ನೆವ್ರಿ ಎಂದರೂ ನಮ್ಮ ಕಣ್ಣಿಗೆ ಅದು ಕರ್ಜಿಕಾಯಿಯೇ. ಚಿರೋಟಿ ರವೆ, ಮೈದಾಕ್ಕೆ ಬಿಸಿ ತುಪ್ಪ ಹಾಕಿ ಗಟ್ಟಿಯಾಗಿ ನಾದಿ, ಒದ್ದೆಬಟ್ಟೆ ಮುಚ್ಚಿ ಬಿಡುವುದು. ಎಳ್ಳನ್ನು ಚಟಪಟ ಎನ್ನುವ ತನಕ ಹುರಿದು, ತುರಿದ ಕೊಬ್ಬರಿಯನ್ನು ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ, ಸಕ್ಕರೆ ಪುಡಿ, ಏಲಕ್ಕಿ, ಒಡೆದ ಗೋಡಂಬಿ ಬೆರೆಸುವುದು. ತೆಳ್ಳಗೆ ಲಟ್ಟಿಸಿದ ಹಾಳೆಯ ಮಧ್ಯೆ ಒಂದು ಚಮಚ ಹೂರಣ. ಅಂಚಿಗೆ ನೀರು ಸವರಿ, ಮಡಿಸಿ ಒತ್ತಿ, ಹಲ್ಲಿನ ಚಕ್ರದಿಂದ ಕತ್ತರಿಸಿದರೆ ಅರ್ಧಚಂದ್ರ. ಒಂದು ಕಡೆ ಅಂಚು ಸಡಿಲವಾದರೂ ಕತೆ ಮುಗಿಯಿತು: ಹೂರಣ ಎಣ್ಣೆಗೆ ಚೆಲ್ಲಿ ಸೀದು, ಆಮೇಲೆ ಬಿಟ್ಟ ಪ್ರತಿಯೊಂದಕ್ಕೂ ಕಪ್ಪು ಚುಕ್ಕೆ. ಇಲ್ಲಿ ಬೆಲ್ಲದ ಬದಲು ಸಕ್ಕರೆ ಹಾಕುವುದು ಬರೀ ಬಾಯಿರುಚಿಗಲ್ಲ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊರಗಿನ ಕವಚ ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ. ಈಗ ಆ ಹೂರಣವನ್ನು ಇನ್ನೊಮ್ಮೆ ನೋಡಿ. ಎಳ್ಳು, ಕೊಬ್ಬರಿ, ಸಿಹಿ. ಸಂಕ್ರಾಂತಿಯ ಎಳ್ಳು-ಬೆಲ್ಲದಿಂದ ಕಡಲೆಬೀಜ, ಹುರಿಗಡಲೆ ತೆಗೆದು, ಬೆಲ್ಲದ ಜಾಗಕ್ಕೆ ಸಕ್ಕರೆ ಇಟ್ಟರೆ ಉಳಿಯುವುದು ಅದೇ. ನೆವ್ರಿ ಎಂದರೆ ಅಂಗಿ ತೊಡಿಸಿದ ಎಳ್ಳು-ಬೆಲ್ಲ ಎಂದರೆ ಉತ್ಪ್ರೇಕ್ಷೆ ಅನ್ನಿಸೀತು. ಹೂರಣ ತಿಂದವರು ಹಾಗೆ ಅನ್ನಲಾರರು.

ಕೊಂಕಣಿ ಕ್ರೈಸ್ತರು ಹಬ್ಬದ ತಿಂಡಿಗಳನ್ನೆಲ್ಲ ಸೇರಿಸಿ ಕುಸ್ವಾರ್ ಎನ್ನುತ್ತಾರೆ. ಪೋರ್ಚುಗೀಸರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕಿರುವ ‘ಕೊನ್ಸ್ವಾದಾ’ ಎಂಬ ಹೆಸರೇ ಹೀಗಾಗಿದೆ ಎಂದು ಹೇಳುವವರುಂಟು. ಹೆಸರು ಕಡಲಾಚೆಯದಾದರೂ ತಿಂಡಿಯ ಪಟ್ಟಿ ಕೇಳಿ. ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಮಾಡಿ ಕರಿದದ್ದು ಕಿಡ್ಯೊ. ಕೊಂಕಣಿಯಲ್ಲಿ ಹಾಗೆಂದರೆ ಹುಳುಗಳು, ಹಬ್ಬದ ತಿಂಡಿಗೆ ಇಂಥ ಹೆಸರಿಟ್ಟವರ ತಮಾಷೆಗೆ ತಲೆದೂಗಬೇಕು. ಅಕ್ಕಿಹಿಟ್ಟು, ತೆಂಗಿನಹಾಲಿನ ಗಟ್ಟಿ ಗುಂಡು ಗುಳಿಯೊ. ತುಕ್ಡಿ ಎಂದರೆ ನಮ್ಮ ಶಂಕರಪೋಳಿ. ಎಳ್ಳುಂಡೆ ಎಳ್ಳುಂಡೆಯೇ, ಚಕ್ಕುಲಿ ಚಕ್ಕುಲಿಯೇ. ಗುಳಿಯೊ ಕರಿಯುವವರು ಹೆದರುವುದು ಕೋಡುಬಳೆ ಕರಿಯುವವರು ಹೆದರುವ ಸಂಗತಿಗೇ: ಅಕ್ಕಿಹಿಟ್ಟಿನೊಳಗೆ ತೇವ ಸಿಕ್ಕಿಕೊಂಡರೆ ಎಣ್ಣೆಯಲ್ಲಿ ಪಟ್ಟೆಂದು ಸಿಡಿಯುತ್ತದೆ.

ಪಟ್ಟಿಯಲ್ಲಿ ನಮ್ಮ ಅಡುಗೆಮನೆಗೆ ತೀರ ಹೊಸದು ಎನ್ನಬಹುದಾದದ್ದು ರೋಸ್ ಕುಕ್ಕೀಸ್. ಉದ್ದ ಹಿಡಿಯ ತುದಿಗೆ ಹೂವಿನಾಕಾರದ ಲೋಹದ ಅಚ್ಚು. ಅದನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಮೊಟ್ಟೆ, ಸಕ್ಕರೆ, ತೆಂಗಿನಹಾಲು, ಕರಿಎಳ್ಳು ಸೇರಿದ ತೆಳು ಹಿಟ್ಟಿನಲ್ಲಿ ಅದ್ದಬೇಕು. ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಅಚ್ಚಿನ ನೆತ್ತಿಗೇರಿದರೆ ಹೂವು ಕಳಚುವುದಿಲ್ಲ, ಕಡ್ಡಿಯಿಂದ ಕೆರೆದು ತೆಗೆಯಬೇಕಾಗುತ್ತದೆ. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಇದೇ ತಿಂಡಿ ಕೇರಳದಲ್ಲಿ ಅಚ್ಚಪ್ಪಂ, ತಮಿಳುನಾಡಿನಲ್ಲಿ ಅಚ್ಚು ಮುರುಕ್ಕು, ಸ್ವೀಡನ್, ನಾರ್ವೆ ಕಡೆ ರೊಸೆಟ್. ಶ್ರೀಲಂಕಾದಲ್ಲಿ ಇದರ ಹೆಸರು ಕೊಕಿಸ್, ಡಚ್ಚರ ಕುಕಿ ಎಂಬ ಮಾತಿನಿಂದ ಬಂದದ್ದು. ಅಲ್ಲಿ ಅದು ಕ್ರಿಸ್‌ಮಸ್ಸಿಗಿಂತ ಹೆಚ್ಚಾಗಿ ಏಪ್ರಿಲ್ ತಿಂಗಳ ಸಿಂಹಳ ಹೊಸ ವರ್ಷದ ತಟ್ಟೆಯ ತಿಂಡಿ. ಡಚ್ಚರ ಹೆಸರು ಹೊತ್ತ ತಿಂಡಿ ಬೌದ್ಧರ ಮನೆಯ ಹಬ್ಬಕ್ಕೆ ಮಂಗಳದ ತಿಂಡಿಯಾಗಿ ನಿಂತಿತು. ತಿಂಡಿಗೆ ಜಾತಿಯೂ ಇಲ್ಲ, ಪಾಸ್‌ಪೋರ್ಟೂ ಇಲ್ಲ, ಅಚ್ಚು ಇದ್ದರಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಇವೆಲ್ಲ ಗೋವಾ, ಮಂಗಳೂರಿನ ತಿಂಡಿಗಳು. ಘಟ್ಟ ಹತ್ತಿ ಬಂದವು. ಇವನ್ನು ಕಡೂರಿನ ಸುಗ್ಗಿಗೆ ಕಟ್ಟುವುದು ಹೇಗೆ ಎನ್ನಬಹುದು. ತಿಂಡಿಗಳು ಅಲ್ಲಿಂದ ಬಂದದ್ದು ನಿಜ. ಆದರೆ ಕರಾವಳಿಯಲ್ಲೂ ಕ್ರೈಸ್ತರ ಹಬ್ಬ ಬೆಳೆಯನ್ನು ಬಿಟ್ಟು ನಡೆದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅಲ್ಲಿ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುತ್ತಾರೆ. ಹೊಸ ಅಕ್ಕಿ ಆ ದಿನ ಊಟಕ್ಕೆ ಸೇರುತ್ತದೆ. ಅದೇ ರೂಢಿಯವರು ಬಯಲಿಗೆ ಬಂದಾಗ ಇಲ್ಲಿನ ಬೆಳೆ ಅವರ ಹಬ್ಬಕ್ಕೆ ಹೊಂದಿಕೊಂಡಿತು. ಜುಲೈಯಲ್ಲಿ ಬಿತ್ತಿದ ರಾಗಿ ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ, ಮಲೆನಾಡಿನ ತೋಟಗಳಲ್ಲಿ ಅರೇಬಿಕಾ ಕಾಫಿ ಕೊಯ್ಲೂ ಅದೇ ತಿಂಗಳುಗಳದು. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಕಣಜ ತುಂಬಿ, ಗಾಳಿ ಒಣಗಿ, ಕರಿದದ್ದು ಗರಿಗರಿಯಾಗಿ ಉಳಿಯುವ ಕಾಲವೂ ಹೌದು. ಸಂಕ್ರಾಂತಿ ಇದೇ ಕಾರಣಕ್ಕೆ ಸುಗ್ಗಿ ಹಬ್ಬವಾದದ್ದು. ಡಿಸೆಂಬರ್ 25 ನಿಗದಿಯಾದದ್ದು ಯಾವುದೋ ದೂರದ ದೇಶದ ಪಂಚಾಂಗದಲ್ಲಿ ಎಂಬುದೂ ಸರಿಯೇ. ಆ ದಿನ ಬಯಲುಸೀಮೆಯ ಸುಗ್ಗಿಯ ನಡುಮಧ್ಯೆ ಬಂದು ಬಿದ್ದದ್ದು ಈ ಹಬ್ಬದ ಪುಣ್ಯ.

ಇನ್ನು ಕೇಕಿನ ಮಾತು. ಇಂಗ್ಲೆಂಡಿನ ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರಲೇಬೇಕೆಂದಿಲ್ಲ; ಹಿಂದೆ ಅಲ್ಲಿ ಒಣದ್ರಾಕ್ಷಿಯನ್ನೂ ಪ್ಲಮ್ ಎನ್ನುತ್ತಿದ್ದರು. ಚಳಿಗಾಲದಲ್ಲಿ ಹಸಿ ಹಣ್ಣು ಸಿಗದ ನಾಡಿನವರು ಒಣಹಣ್ಣನ್ನು ರಮ್ಮಿನಲ್ಲೋ ಬ್ರಾಂದಿಯಲ್ಲೋ ನೆನೆಸಿ, ಸಕ್ಕರೆ ಸುರಿದು, ವಾರಗಟ್ಟಲೆ ಕೆಡದ ತಿಂಡಿ ಮಾಡಿಕೊಂಡರು. ತೇವ ಕಡಿಮೆ, ಸಿಹಿ ಹೆಚ್ಚು, ಮುಂಚಿತವಾಗಿ ಮಾಡಿಟ್ಟು ಹಂಚಬೇಕು. ನಮ್ಮ ನೆವ್ರಿಯ ತರ್ಕವೇ ಅದು, ಸಾಮಾನು ಮಾತ್ರ ಅವರ ಹವೆಯದು. ನಮ್ಮ ಕಡೆ ಕೇಕು ಹೇಗೆ ಕಾಲೂರಿತು ಎಂಬುದಕ್ಕೆ ತಲಶ್ಶೇರಿಯ ಪ್ರಸಿದ್ಧ ಕತೆಯೊಂದಿದೆ. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನಿಂದ ತಂದ ಕೇಕನ್ನು ಬಿಸ್ಕತ್ತು ಮಾಡುತ್ತಿದ್ದ ಮಾಂಬಳ್ಳಿ ಬಾಪು ಅವರಿಗೆ ತೋರಿಸಿ, ಇಂಥದ್ದೇ ಮಾಡಿಕೊಡು ಎಂದನಂತೆ. ಫ್ರೆಂಚ್ ಬ್ರಾಂದಿ ಹಾಕು ಎಂದು ದೊರೆ ಹೇಳಿದ್ದರೂ ಬಾಪು ಊರಿನಲ್ಲೇ ಇಳಿಸಿದ ಮದ್ಯ ಬಳಸಿದರೆಂದು ಹೇಳುತ್ತಾರೆ. ಕೇಕು ದೊರೆಗೆ ಹಿಡಿಸಿತು. ಈ ದೇಶದ ಮೊದಲ ಕ್ರಿಸ್‌ಮಸ್ ಕೇಕು ಎಂದು ಜನ ಕೊಂಡಾಡುವ ಕೇಕೇ ಊರ ಸಾಮಾನಿಗೆ ಶರಣಾಗಿತ್ತು ಎಂದಾಯಿತು.

ನಮ್ಮ ಸಣ್ಣ ಊರುಗಳಿಗೆ ಕೇಕು ತಲುಪಿದ್ದು ಇಗರ್ಜಿಯ ದಾರಿಯಲ್ಲಲ್ಲ, ಬೇಕರಿಯ ದಾರಿಯಲ್ಲಿ. ಹಾಸನ ಸೀಮೆಯ ಅಯ್ಯಂಗಾರರು ಬೆಂಗಳೂರಿನಲ್ಲಿ ಶುರುಮಾಡಿದ ಬೇಕರಿ ವೃತ್ತಿ ಊರೂರಿಗೆ ಹಬ್ಬಿತು. ‘ಅಯ್ಯಂಗಾರ್ ಬೇಕರಿ’ ಎಂಬ ಫಲಕವಿಲ್ಲದ ಬಸ್‌ಸ್ಟ್ಯಾಂಡ್ ಹುಡುಕುವುದು ಕಷ್ಟ. ಮೊಟ್ಟೆ ಹಾಕದ ಕೇಕು ಅವರ ಹೆಗ್ಗಳಿಕೆ. ಕ್ರಿಸ್ತ ಜಯಂತಿಯ ಕೇಕನ್ನು ವೈಷ್ಣವರ ಒಲೆಯಲ್ಲಿ, ಮೊಟ್ಟೆಯಿಲ್ಲದೆ ಬೇಯಿಸಿಕೊಂಡು ತಿನ್ನುವ ನಾಡು ನಮ್ಮದು. ಹಾಗಿದ್ದೂ ಕೇಕು ಕ್ರಿಸ್‌ಮಸ್ಸಿನ ಗುರುತೇ ಎಂದು ಕೇಳಿದರೆ, ಡಿಸೆಂಬರ್ 31ರ ಸಂಜೆ ಯಾವುದೇ ತಾಲ್ಲೂಕು ಕೇಂದ್ರದ ಬೇಕರಿ ಮುಂದೆ ನಿಲ್ಲಿ ಎನ್ನುತ್ತೇನೆ. ಅಂಗಡಿ ಸಾಲದೆ ಶಾಮಿಯಾನ ಹಾಕಿರುತ್ತಾರೆ; ಮೇಜಿನ ಮೇಲೆ ಸಾಲುಸಾಲು ಕ್ರೀಮ್ ಕೇಕು, ಗುಲಾಬಿ, ಹಸಿರು, ನೀಲಿ; ಪ್ರತಿಯೊಂದರ ಮೇಲೂ ಹೊಸ ವರ್ಷದ ಶುಭಾಶಯ. ಕೊಳ್ಳುವ ಗುಂಪಿನಲ್ಲಿ ಕ್ರೈಸ್ತರು ಎಷ್ಟು ಜನ? ಕೇಕು ನಮ್ಮ ಬಯಲಿನಲ್ಲಿ 25ರ ತಿಂಡಿಗಿಂತ 31ರ ತಿಂಡಿ, ಹುಟ್ಟುಹಬ್ಬದ ತಿಂಡಿ. ಅದು ಎಲ್ಲರದೂ ಆದದ್ದರಿಂದಲೇ ಯಾವ ಒಂದು ಹಬ್ಬದ ಗುರುತಾಗಿಯೂ ಉಳಿದಿಲ್ಲ.

ಮನೆಯಲ್ಲಿ ಕೇಕು ಏಕೆ ಬೇರೂರಲಿಲ್ಲ ಎಂಬುದಕ್ಕೆ ಒಲೆಯೇ ಉತ್ತರ. ನಮ್ಮ ಅಡುಗೆಮನೆಯಲ್ಲಿ ಬೆಂಕಿ ಕೆಳಗಿರುತ್ತದೆ, ಸುತ್ತಲೂ ಅಲ್ಲ. ಸುತ್ತಲಿನ ಶಾಖ ನಮಗೆ ಗೊತ್ತೇ ಇರಲಿಲ್ಲ ಎಂದಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಬರೆದ ‘ಸೂಪಶಾಸ್ತ್ರ’ ಪಿಷ್ಟಪಾಕದಿಂದ, ಅಂದರೆ ಹಿಟ್ಟಿನ ತಿಂಡಿಗಳಿಂದ ಶುರುವಾಗುತ್ತದೆ. ಅದರಲ್ಲಿ ಬರುವ ಮುಚ್ಚಳ ರೊಟ್ಟಿಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಓವನ್ ಇಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡ ಸುರಿದು ಕೇಕು ಬೇಯಿಸುತ್ತಿದ್ದುದೂ ಇದೇ ಉಪಾಯದಿಂದ. ಆದರೆ ಅದಕ್ಕೆ ಕಾವಲು ಬೇಕು, ಒಂದು ಸಲಕ್ಕೆ ಒಂದೇ ಕೇಕು ಬೇಯುತ್ತದೆ. ಬಾಣಲೆಯಲ್ಲಾದರೆ ಒಂದು ಮಧ್ಯಾಹ್ನಕ್ಕೆ ನೂರು ನೆವ್ರಿ ಇಳಿಯುತ್ತದೆ. ಲಟ್ಟಿಸುವವರು, ತುಂಬುವವರು, ಕರಿಯುವವರು ಎಂದು ಮನೆಮಂದಿಯೆಲ್ಲ ಕೂರಬಹುದು. ಗೋವಾದ ಕ್ರೈಸ್ತರ ರವೆ-ತೆಂಗಿನ ಕೇಕಿಗೆ ಬಾತ್ ಎಂದು ಹೆಸರು. ಕೇಸರಿಬಾತಿನ ನಾಡಿಗೆ ರವೆಯ ಈ ಬಾತೇ ಸಲೀಸಾಗಿ ಇಳಿಯಬೇಕಿತ್ತು. ಇಳಿಯಲಿಲ್ಲ, ಒಲೆ ಅಡ್ಡ ಬಂತು.

ಒಲೆಯಷ್ಟೇ ಅಲ್ಲ, ಕೇಕಿಗೆ ಬೆಣ್ಣೆಯೂ ಬೇಕು. ಬೆಣ್ಣೆಯ ವಿಷಯಕ್ಕೆ ಅಜ್ಜಂಪುರದ ಹೆಸರು ತೆಗೆಯದಿದ್ದರೆ ತಪ್ಪಾದೀತು. ಅಮೃತಮಹಲ್ ದನದ ತಳಿಯ ಸರ್ಕಾರಿ ಸಂವರ್ಧನಾ ಕೇಂದ್ರ ಇರುವುದು ಇಲ್ಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಟಿಪ್ಪು ಅದನ್ನು ಅಮೃತಮಹಲ್ ಎಂದು ಬದಲಾಯಿಸಿದ. ಹೆಸರಿನಲ್ಲಿ ಬೆಣ್ಣೆ, ಅಮೃತ ಎರಡೂ ಇದ್ದರೂ ಈ ಹಸುಗಳು ಹಾಲು ಕೊಡುವುದು ಕಡಿಮೆ, ಎತ್ತುಗಳು ಮಾತ್ರ ಗಾಡಿ ಎಳೆಯುವುದರಲ್ಲಿ ಗಟ್ಟಿ. ಕಾಲು ಕೆ.ಜಿ. ಬೆಣ್ಣೆ ಬೇಡುವ ಕೇಕಿಗಿಂತ ಎರಡು ಚಮಚ ತುಪ್ಪದಲ್ಲಿ ಮುಗಿಯುವ ನೆವ್ರಿ ಇಂಥ ಸೀಮೆಗೆ ಒಪ್ಪುವುದು ಸಹಜ.

ಹಬ್ಬದ ಮಧ್ಯಾಹ್ನದ ಊಟವೂ ಇದೇ ಮಾತನ್ನು ಹೇಳುತ್ತದೆ. ಕರಾವಳಿ ಮೂಲದ ಮನೆಗಳಲ್ಲಿ ಸನ್ನ, ಹಂದಿಮಾಂಸದ ಬಾಫಾತ್. ತಮಿಳು ಮೂಲದವರಲ್ಲಿ ಬಿರಿಯಾನಿ. ಈಗ ಬಹುತೇಕ ಎಲ್ಲರಲ್ಲೂ ಬಿರಿಯಾನಿ. ಸನ್ನ ಉಬ್ಬುವುದು ಸೇಂದಿಯ ಹುಳಿಗೆ. ಸೇಂದಿ ಸಿಗದ ಕಡೆ ಈಸ್ಟ್ ಬಂತು, ಅದೂ ಇಲ್ಲದಿದ್ದರೆ ಇಡ್ಲಿಯೇ ಸನ್ನದ ಜಾಗದಲ್ಲಿ ಕೂತಿತು. ಡಿಸೆಂಬರ್ ಎಂದರೆ ಸೊಗಡಿನ ಅವರೆಯ ಕಾಲ. ಹಳೇ ಮೈಸೂರು ಸೀಮೆಯಲ್ಲಿ ಮಾಂಸದ ಸಾರಿಗೆ ಅವರೆಕಾಳು ಬೀಳುವುದು ಹಳೆಯ ರೂಢಿ, ಹಬ್ಬ ಯಾರದಾದರೇನು.

ಒಂದೇ ಸಾಮಾನು ಬಳಸಿದ ಮಾತ್ರಕ್ಕೆ ಎರಡು ಹಬ್ಬ ಒಂದಾಗುತ್ತವೆಯೇ ಎಂದು ಕೇಳುವವರಿಗೆ ಇಲ್ಲ ಎಂದೇ ಉತ್ತರ. ಸಂಕ್ರಾಂತಿಯ ಎಳ್ಳು ಮೊದಲು ದೇವರ ಮುಂದೆ ಹೋಗಿ ಆಮೇಲೆ ಬೀದಿಗೆ ಬರುತ್ತದೆ. ಕುಸ್ವಾರ್‌ಗೆ ನೈವೇದ್ಯದ ನಿಯಮವಿಲ್ಲ, ಕರಿಯುತ್ತಿರುವಾಗಲೇ ಮಕ್ಕಳು ಎತ್ತಿಕೊಂಡು ಓಡಬಹುದು. ರೋಸ್ ಕುಕ್ಕೀಸಿಗೆ ಮೊಟ್ಟೆ ಬೇಕು, ಆದ್ದರಿಂದ ಮೊಟ್ಟೆ ತಿನ್ನದ ಮನೆಗೆ ಕಳಿಸುವ ತಟ್ಟೆಯಿಂದ ಅದನ್ನು ತೆಗೆದಿಡುವ ಜಾಣ್ಮೆಯೂ ಬೇಕು. ಈ ವ್ಯತ್ಯಾಸಗಳನ್ನು ಒರೆಸಿ ಎಲ್ಲವೂ ಒಂದೇ ಎನ್ನುವ ಭಾಷಣದಲ್ಲಿ ನನಗೆ ನಂಬಿಕೆಯಿಲ್ಲ. ನಾನು ಹೇಳುವುದು ಅದಕ್ಕಿಂತ ಸಣ್ಣ ಸಂಗತಿ: ಹಬ್ಬವನ್ನು ನಂಬಿಕೆ ಬೇರೆ ಮಾಡುತ್ತದೆ, ತಿಂಡಿಯನ್ನು ನೆಲ ಹತ್ತಿರ ತರುತ್ತದೆ.

ಈಗ ಮನೆಯಲ್ಲಿ ಕರಿಯುವವರು ಕಡಿಮೆಯಾಗಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ. ಇಬ್ಬರೇ ಇರುವ ಮನೆಯಲ್ಲಿ ನೂರು ನೆವ್ರಿಗೆ ಕೈ ಸಾಲದು. ಕೇಕು ಕೊಂಡು ಕಳಿಸುವುದು ಸುಲಭ. ಅದನ್ನು ದೂರುವ ಹಕ್ಕು ಯಾರಿಗೂ ಇಲ್ಲ, ಸಂಕ್ರಾಂತಿಯ ಎಳ್ಳನ್ನೂ ನಾವು ಪ್ಯಾಕೆಟ್ಟಿನಲ್ಲೇ ಕೊಳ್ಳುತ್ತಿದ್ದೇವಲ್ಲ. ಆದರೂ ವರ್ಷವಿಡೀ ಚಕ್ಕುಲಿ, ನಿಪ್ಪಟ್ಟು, ಕರ್ಜಿಕಾಯಿ ಮಾರುವ ಕಡೂರು, ತರೀಕೆರೆಯ ಕಾಂಡಿಮೆಂಟ್ಸ್ ಅಂಗಡಿಯವರು ಡಿಸೆಂಬರಿನಲ್ಲಿ ಕಿಡ್ಯೊ, ಗುಳಿಯೊಗಳನ್ನೂ ಒಂದು ತಟ್ಟೆಯಲ್ಲಿ ಇಟ್ಟು ನೋಡಲಿ; ಬಾಣಲೆ ಅದೇ, ಕೈ ಅದೇ. ಇನ್ನು ಪಕ್ಕದ ಮನೆಯಿಂದ ಅಂಥ ತಟ್ಟೆ ಬಂದರೆ ಬರಿದಾಗಿ ಹಿಂದಿರುಗಿಸಬಾರದೆಂದು ಗಡಿಬಿಡಿ ಬೀಳಬೇಡಿ. ತೊಳೆದು ಇಟ್ಟುಕೊಳ್ಳಿ. ಎಳ್ಳು-ಬೆಲ್ಲಕ್ಕೆ ಇನ್ನು ಮೂರೇ ವಾರ.